ಮೂರು ದಿನದ ಮದ್ದು

ಕಳೆದ ತಿಂಗಳು ನಾನು ಕೆಲಸ ಮಾಡುವ ಅಹಮದಾಬಾದಿನ ವಸ್ತ್ರಾಪುರದ ಮೆಸ್ಸಿನ ಮಾಲೀಕರ ತಂದೆಗೆ ಪಾರ್ಶ್ವವಾಯು ಹೊಡೆಯಿತು. ಅವರನ್ನು ಎತ್ತಿ ಕಾರಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದವರಲ್ಲಿ ನಾನೂ ಒಬ್ಬ. ತುರ್ತು ವಿಭಾಗದ ಬಾಗಿಲು ತೆರೆದದ್ದೇ ಸ್ಪಿರಿಟ್ಟಿನ ವಾಸನೆ ಮುಖಕ್ಕೆ ಬಡಿಯಿತು. ಎಳೆಯ ಡಾಕ್ಟರೊಬ್ಬರು ಬಂದು, "ಮಿದುಳಿನ ದೊಡ್ಡ ರಕ್ತನಾಳದಲ್ಲಿ ಹೆಪ್ಪು ಕೂತಿದೆ, ತೆಗೆಯಬೇಕು. ಜೊತೆಗೆ ಸ್ಟೀರಾಯ್ಡ್ ಕೊಡುವುದೋ ಬೇಡವೋ ದೊಡ್ಡ ಡಾಕ್ಟರು ನೋಡಿ ಹೇಳುತ್ತಾರೆ" ಎಂದರು. ಮಾಲೀಕರು ಅದೇನೆಂದು ನನ್ನ ಮುಖ ನೋಡಿದರು. ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಆ ಮದ್ದಿನ ಬಗ್ಗೆ ಒಬ್ಬ ಅಡುಗೆಯವನಿಗೆ ಗೊತ್ತಿರಬೇಕಾದುದಕ್ಕಿಂತ ಹೆಚ್ಚು ನನಗೆ ಗೊತ್ತು. ಅದನ್ನೆಲ್ಲ ಕಲಿತದ್ದು ವಡೋದರಾದ ಒಂದು ಬೇಸಿಗೆಯಲ್ಲಿ, ನನ್ನ ಅತ್ತಿಗೆಯ ಹಾಸಿಗೆಯ ಪಕ್ಕ ನಿಂತು.

ಆಗ ನಾವು ವಡೋದರಾದ ಗೋರ್ವಾ ಬಡಾವಣೆಯಲ್ಲಿದ್ದೆವು. ಅಣ್ಣಯ್ಯ ರಘುರಾಮ ಕುಂದಾಪುರ ಬಿಟ್ಟು ಬಂದು ಅಲ್ಲಿ ಹೋಟೆಲ್ ಹಾಕಿ ಹದಿನೈದು ವರ್ಷವಾಗಿತ್ತು. ಕೆಳಗೆ ಹೋಟೆಲ್, ಮೇಲೆ ಮನೆ. ಬೆಳಿಗ್ಗೆ ಇಡ್ಲಿ, ವಡೆ, ಮಧ್ಯಾಹ್ನ ಊಟ, ಸಂಜೆ ದೋಸೆ. ಕೊಯಾಲಿಯ ಎಣ್ಣೆ ಶುದ್ಧೀಕರಣ ಘಟಕಕ್ಕೆ ಕೆಲಸಕ್ಕೆ ಹೋಗುವವರು, ಸುತ್ತಲಿನ ಕಾರ್ಖಾನೆಗಳವರು, ಗುಜರಾತಿ ಸಂಸಾರಗಳು ಎಲ್ಲರೂ ಬರುತ್ತಿದ್ದರು. ಗಲ್ಲೆಯಲ್ಲಿ ಕೂತ ಅಣ್ಣಯ್ಯ ಒಬ್ಬೊಬ್ಬರ ಹೆಸರು ಹಿಡಿದು ಮಾತಾಡಿಸುವನು, ಮಕ್ಕಳ ಕೈಗೆ ಚಾಕಲೇಟು ಕೊಡುವನು. ಅವನು ಮೇಲಿನ ಮನೆಯಲ್ಲಿ ಹೆಂಡತಿಗೆ ಹೊಡೆಯುತ್ತಾನೆ ಎಂದು ಅಲ್ಲಿ ಯಾರಾದರೂ ಹೇಳಿದ್ದರೆ ಗಿರಾಕಿಗಳು ನಕ್ಕುಬಿಡುತ್ತಿದ್ದರು.

ಹೊಡೆಯುತ್ತಿದ್ದ. ಪ್ರಮೀಳತ್ತಿಗೆ ನನಗಿಂತ ಮೂರು ವರ್ಷ ದೊಡ್ಡವಳು. ಸಣ್ಣ ಆಳು, ಚುರುಕು ಕೈ. ಸಾಂಬಾರಿನ ಪುಡಿಯಿಂದ ಹಿಡಿದು ಹಿಟ್ಟಿನ ಹದದವರೆಗೆ ಹೋಟೆಲಿನ ರುಚಿಯೆಲ್ಲ ಅವಳದೇ. ಒಮ್ಮೆ ಸೌಟಿನಿಂದ ಅವಳ ಬೆನ್ನಿಗೆ ಬಾಸುಂಡೆ ಬಂದಿತ್ತು. ಇನ್ನೊಮ್ಮೆ ಬಾಗಿಲ ಸಂದಿಯಲ್ಲಿ ಬೆರಳು ಸಿಕ್ಕಿಸಿ ಬಾಗಿಲು ಎಳೆದಿದ್ದ. ಆ ಬೆರಳಿನ ಉಗುರು ಮತ್ತೆ ನೆಟ್ಟಗೆ ಬೆಳೆಯಲಿಲ್ಲ. ನಾನು ಅದೇ ಮನೆಯ ಹೊರಕೋಣೆಯಲ್ಲಿ ಮಲಗುವವನು. ನೋಡುತ್ತಿದ್ದೆ, ಕೇಳುತ್ತಿದ್ದೆ. ಊರಿನಿಂದ ಕರೆಸಿ ಕೆಲಸ ಕಲಿಸಿದ ಅಣ್ಣಯ್ಯನ ಎದುರು ನನ್ನ ಬಾಯಿ ಬರುತ್ತಿರಲಿಲ್ಲ. ಒಂದೆರಡು ಸಲ "ಬಿಡು ಅಣ್ಣಯ್ಯ" ಅಂದಿದ್ದೆ. ಅವನು ತಿರುಗಿ ನೋಡಿದರೆ ಸಾಕು, ನಾನು ಮೆಟ್ಟಿಲಿಳಿದು ಕೆಳಗೆ ಹೋಗುತ್ತಿದ್ದೆ.

ಆ ಮೇ ತಿಂಗಳಲ್ಲಿ ಬಿಸಿಲು ಹುಚ್ಚು ಹಿಡಿದಂತೆ ಸುರಿಯುತ್ತಿತ್ತು. ಹತ್ತು ಗಂಟೆಗೇ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವುದು. ಒಲೆಯ ಎದುರು ನಿಂತವರ ಅಂಗಿಯ ಮೇಲೆ ಬೆವರು ಒಣಗಿ ಉಪ್ಪಿನ ಗೆರೆ ಮೂಡುತ್ತಿತ್ತು. ರಜೆಯೆಂದು ಅಣ್ಣಯ್ಯನ ಮಗಳು ಅನನ್ಯಾ ಸೂರತ್ತಿಗೆ ಹೋಗಿದ್ದಳು. ಅತ್ತಿಗೆಯ ತಂಗಿ ಸುಜಾತ ಗಂಡನೊಂದಿಗೆ ಅಲ್ಲಿ ಬಟ್ಟೆ ಹೊಲಿಸುವ ಅಂಗಡಿ ಇಟ್ಟುಕೊಂಡಿದ್ದಾಳೆ.

ಅದು ಒಂದು ಮಂಗಳವಾರ. ಮಧ್ಯಾಹ್ನದ ಊಟ ಮುಗಿದು ಮೂರು ಗಂಟೆಗೆ ಶಟರು ಅರ್ಧ ಎಳೆದು ನಾವು ಮೇಲೆ ಹೋದೆವು. ನಾನು ಹೊರಕೋಣೆಯಲ್ಲಿ ಕೂಲರಿನ ಎದುರು ಚಾಪೆ ಹಾಸಿ ಮಲಗಿದೆ. ಒಳಕೋಣೆಯ ಬಾಗಿಲು ಮುಚ್ಚಿತ್ತು.

ಅತ್ತಿಗೆಯ ಸ್ವರ ಕೇಳಿತು. "ನಾನ್ ಸೂರತ್ತಿಗ್ ಹೋತೆ. ಮಗಳ್ ಒಟ್ಟಿಗ್ ಅಲ್ಲೇ ಇರ್ತೆ. ಇನ್ ನಂಗ್ ಆತಿಲ್ಲ."

"ಮತ್ತೊಂದ್ ಸಲ ಹೇಳ್."

"ಹೋತೆ ಅಂದೆ. ಸುಜಾತನಿಗೆ ಹೇಳಿಯೂ ಆಯ್ತ್."

ಆಮೇಲೆ ಸ್ಟೀಲಿನ ಚೊಂಬೊಂದು ಬಿದ್ದು ಉರುಳಿತು. ಏನೋ ಗೋಡೆಗೆ ಬಡಿಯಿತು. ಬಳಿಕ ನೆಲಕ್ಕೆ ಹಿಮ್ಮಡಿ ಬಡಿಯುವ ಸದ್ದು, ಡಬ ಡಬ ಡಬ, ಬೇಗ ಬೇಗ, ಆಮೇಲೆ ನಿಧಾನ. ಗಂಟಲಿನಿಂದ ಬರುವ ಸದ್ದೊಂದಿತ್ತು, ನೀರು ಖಾಲಿಯಾದ ನಲ್ಲಿಯಲ್ಲಿ ಗಾಳಿ ಎಳೆದ ಹಾಗೆ. ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲವೆಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ, ಆದರೆ ಗೊತ್ತಾಗಿತ್ತು. ನಾನು ಎದ್ದೆ. ಬಾಗಿಲಿಗೆ ನಾಲ್ಕು ಹೆಜ್ಜೆ, ಕೂಲರಿಗೆ ಎರಡು. ಕೂಲರಿನ ಗುಂಡಿಯನ್ನು ಪೂರ್ತಿ ತಿರುಗಿಸಿ ಮತ್ತೆ ಮಲಗಿದೆ. ಫ್ಯಾನು ಗರಗರ ಎಂದು ಕೂಗಿ ಎಲ್ಲವನ್ನೂ ಮುಚ್ಚಿತು.

ನಾಲ್ಕು ಗಂಟೆಗೆ ಅತ್ತಿಗೆ ಹೊರಗೆ ಬಂದಳು. ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡಿದ್ದಳು. ಕಣ್ಣಿನ ಬಿಳಿಯಲ್ಲಿ ರಕ್ತದ ಚುಕ್ಕೆಗಳಿದ್ದವು. ನನ್ನನ್ನು ನೋಡಿದಳು, ಕೂಲರನ್ನು ನೋಡಿದಳು, ಕೆಳಗೆ ಹೋಗಿ ದೋಸೆಹಿಟ್ಟಿಗೆ ಉಪ್ಪು ಹಾಕಿದಳು.

ಮಾರನೆಯ ದಿನ ಅವಳ ದನಿ ಕೆರೆದಂತಿತ್ತು. ಎಡಗಣ್ಣಿನ ರೆಪ್ಪೆ ಜೋತು ಬಿದ್ದಿತ್ತು. "ಕುತ್ಗಿ ಎಡಬದಿ ಸುಡ್ತ್, ತಲಿ ಸಿಡಿತ್ತ್" ಅಂದಳು. ನಾನು ನೋವಿನ ಗುಳಿಗೆ ತಂದುಕೊಟ್ಟೆ. ಅದೊಂದು ದೊಡ್ಡ ಉಪಕಾರ ಎಂಬಂತೆ ನೀರಿನ ಲೋಟವನ್ನೂ ಹಿಡಿದು ನಿಂತೆ.

ಗುರುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಅವಳು ಇಡ್ಲಿಯ ಪಾತ್ರೆ ಇಳಿಸುತ್ತಿದ್ದಳು. ಬಲಗೈಯಿಂದ ಪಾತ್ರೆ ಜಾರಿತು. ಕುದಿಯುವ ನೀರು ನೆಲಕ್ಕೆ ಚೆಲ್ಲಿ ಹಬೆ ಎದ್ದಿತು. ಆ ಹಬೆಯೊಳಗೆ ಅವಳು ಬಲಕ್ಕೆ ವಾಲಿ, ಕಂಬ ಕುಸಿದ ಹಾಗೆ ಕುಸಿದಳು. ಬಾಯಿ ಒಂದು ಕಡೆಗೆ ಎಳೆದಿತ್ತು. "ಅತ್ತಿಗೆ" ಎಂದು ಕೂಗಿದರೆ ನನ್ನನ್ನು ದಿಟ್ಟಿಸಿ ನೋಡುವಳು, ಶಬ್ದ ಮಾತ್ರ ಬಾರದು. ಅಣ್ಣಯ್ಯ ಓಡಿ ಬಂದು ಅವಳ ಕೆನ್ನೆಗೆ ಹೊಡೆದ. "ಏಳ್! ನಾಟ್ಕ ಮಾಡ್ಬೇಡ, ಏಳ್!" ಮತ್ತೆ ಹೊಡೆದ. ಮೂರನೆಯ ಏಟಿಗೆ ಅವನ ಕೈ ನಿಂತಿತು. ಅವನಿಗೂ ಅರ್ಥವಾಗಿರಬೇಕು. ಅಲ್ಲೇ ಒದ್ದೆ ನೆಲದಲ್ಲಿ ಕೂತು ಎಳೆ ಮಗುವಿನ ಹಾಗೆ ಅಳತೊಡಗಿದ.

ನಾನು ಅವಳನ್ನು ಎತ್ತಿಕೊಂಡೆ. ಬಲಗಾಲು ನೆಲಕ್ಕೆ ಉಜ್ಜುತ್ತ ಬಂತು. ಗಿರಾಕಿಯೊಬ್ಬರ ಕಾರಿನಲ್ಲಿ ಮಲಗಿಸಿದೆವು. ಅಣ್ಣಯ್ಯ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ದೇವರ ಹೆಸರು ಹೇಳುತ್ತಿದ್ದ. ಒಮ್ಮೆ ಮಾತ್ರ ಹಿಂದೆ ತಿರುಗಿ, ಅಳು ನಿಲ್ಲಿಸಿ, ಕುಂದಾಪುರದ ಕನ್ನಡದಲ್ಲಿ ಮೆಲ್ಲಗೆ ಹೇಳಿದ. "ಅಡುಗೆಮನೆಯಲ್ ಜಾರಿ ಬಿದ್ದದ್. ನೀ ಬೇರೆ ಎಂತದೂ ಹೇಳುಕಿಲ್ಲ."

ಆಸ್ಪತ್ರೆಯಲ್ಲಿ ಅವಳನ್ನು ನೋಡಿದವರು ಮಿದುಳಿನ ಡಾಕ್ಟರು, ನಲವತ್ತರ ಆಸುಪಾಸಿನ ಗುಜರಾತಿ ಹೆಂಗಸು. ಎಲ್ಲರೂ ಅವರನ್ನು ಮೇಡಂ ಎಂದೇ ಕರೆಯುತ್ತಿದ್ದರು. ಸ್ಕ್ಯಾನಿಗೆ ಒಯ್ಯುವ ಮೊದಲೇ ಅವರು ಅತ್ತಿಗೆಯ ಸೆರಗನ್ನು ಸರಿಸಿದರು. ದವಡೆಯ ಕೆಳಗೆ ನೀಲಿ, ನೇರಳೆಗೆ ತಿರುಗಿದ ಗುರುತುಗಳು. ಎಡಕ್ಕೆ ನಾಲ್ಕು, ಬಲಕ್ಕೆ ಒಂದು. ಎಣಿಸಿದರೆ ಒಂದು ಕೈ.

"ಕುತ್ತಿಗೆಗೆ ಏನಾಯಿತು?" ಎಂದು ಹಿಂದಿಯಲ್ಲಿ ಕೇಳಿದರು.

"ಬಿದ್ದಾಗ ಪಾತ್ರೆ ತಗಲಿತು" ಎಂದ ಅಣ್ಣಯ್ಯ.

ಮೇಡಂ ಅವನನ್ನು ಕಾಗದಪತ್ರಕ್ಕೆಂದು ಕೌಂಟರಿಗೆ ಕಳಿಸಿದರು. ಅವನು ಮೂಲೆ ತಿರುಗಿದ್ದೇ ನನ್ನ ತೋಳು ಹಿಡಿದರು. "ನೋಡು ಭಾಯ್, ನನಗೆ ಸಮಯವಿಲ್ಲ. ಕತ್ತು ಹಿಸುಕಿದರೆ ಒಳಗಿನ ರಕ್ತನಾಳದ ಗೋಡೆ ಹರಿಯುತ್ತದೆ. ಹರಿದ ಜಾಗದಲ್ಲಿ ಹೆಪ್ಪು ಕಟ್ಟಿ ಎರಡು ಮೂರು ದಿನ ಬಿಟ್ಟು ಮಿದುಳಿಗೆ ಹೋಗುತ್ತದೆ. ಹಾಗಿದ್ದರೆ ನಾನು ಆ ಹರಿದ ನಾಳದ ಮೂಲಕವೇ ತಂತಿ ಹಾಯಿಸಬೇಕು. ಗೊತ್ತಿಲ್ಲದೆ ಹಾಯಿಸಿದರೆ ಇವಳು ಮೇಜಿನ ಮೇಲೆಯೇ ಹೋಗಬಹುದು. ಹಿಸುಕಿದರಾ?"

ನಾನು ಕೌಂಟರಿನ ಕಡೆ ನೋಡಿದೆ. ಅಣ್ಣಯ್ಯನ ಬೆನ್ನು ಕಾಣುತ್ತಿತ್ತು.

"ಹೌದು."

"ಯಾವಾಗ?"

"ಮೊನ್ನೆ ಮಂಗಳವಾರ. ಮೂರೂವರೆ ಗಂಟೆ."

"ನೀನು ನೋಡಿದೆಯಾ?"

"ಕೇಳಿದೆ."

ಅವರು ಅದನ್ನು ಹಾಳೆಯಲ್ಲಿ ಬರೆದುಕೊಂಡು, ಹೊತ್ತು ನೋಡಿ ಅದನ್ನೂ ಬರೆದರು. ಸ್ಕ್ಯಾನಿನಲ್ಲಿ ಅವರು ಹೇಳಿದ್ದೇ ಕಂಡಿತು. ಕುತ್ತಿಗೆಯ ಎಡಭಾಗದ ನಾಳ ಹರಿದಿತ್ತು. ಮಿದುಳಿನ ಎಡಭಾಗಕ್ಕೆ ಹೋಗುವ ದೊಡ್ಡ ನಾಳದಲ್ಲಿ ಹೆಪ್ಪು ಕೂತಿತ್ತು.

ಅಣ್ಣಯ್ಯ ಬಂದ ಮೇಲೆ ಇಬ್ಬರನ್ನೂ ನಿಲ್ಲಿಸಿಕೊಂಡು ವಿವರಿಸಿದರು. ತೊಡೆಯ ಸಂದಿನ ನಾಳದಿಂದ ತೆಳು ಕೊಳವೆ ತೂರಿಸಿ, ಮೇಲೆ ಹೋಗಿ, ಹೆಪ್ಪನ್ನು ಎಳೆದು ತೆಗೆಯುವುದು. ಹರಿದಲ್ಲಿ ಜಾಲರಿಯ ಕೊಳವೆ ಕೂರಿಸುವುದು. "ಇಷ್ಟಕ್ಕೆ ಮುಗಿಯುವುದಿಲ್ಲ. ಒಣಗಿದ ಜಾಗಕ್ಕೆ ಒಮ್ಮೆಲೇ ರಕ್ತ ನುಗ್ಗಿದಾಗ ಮಿದುಳು ಊದಿಕೊಳ್ಳಬಹುದು, ಒಳಗೇ ರಕ್ತ ಒಸರಬಹುದು. ಅದನ್ನು ತಗ್ಗಿಸಬಹುದೇನೋ ಎಂದು ಸ್ಟೀರಾಯ್ಡ್ ಕೊಡುವ ಯೋಚನೆ ನನಗಿದೆ. ಸಣ್ಣ ಪ್ರಮಾಣ, ಮೂರೇ ದಿನ. ಹೀಗೆ ಕೊಡುವುದು ಇನ್ನೂ ಎಲ್ಲರೂ ಒಪ್ಪಿದ ರೂಢಿಯಲ್ಲ. ಇಂಥ ದೊಡ್ಡ ಹೊಡೆತ ಬಿದ್ದವರಲ್ಲಿ ಸಾವು ಕಡಿಮೆಯಾಗಬಹುದು ಎನ್ನುವುದಕ್ಕೆ ಆಧಾರ ಇದೆ. ಬದುಕಿದವರು ಮೊದಲಿನಂತೆ ಆಗುತ್ತಾರೆ ಎಂದು ಹೇಳಲು ಆಧಾರ ಇಲ್ಲ. ಸಕ್ಕರೆ ಏರುತ್ತದೆ, ಸೋಂಕು ತಗಲಬಹುದು, ನಿದ್ದೆ ಕೆಡುತ್ತದೆ. ಕೆಲವರಿಗೆ ಮನಸ್ಸು ಕೆರಳುತ್ತದೆ. ಎಲ್ಲ ಹೇಳಿದ್ದೇನೆ. ಬೇಡ ಅನ್ನಲೂಬಹುದು."

ಅಣ್ಣಯ್ಯ ಏನನ್ನೂ ಓದದೆ ಸಹಿ ಹಾಕಿದ. "ಉಳಿಸಿ ಮೇಡಂ, ಅವಳನ್ನು ಉಳಿಸಿ" ಎಂದು ಅವರ ಕಾಲಿಗೆ ಬಿದ್ದ. ಅದು ನಾಟಕವೆಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಅವಳನ್ನು ಉಸಿರುಗಟ್ಟಿಸಿದ ಕೈಯಿಂದಲೇ ಅವಳು ಬದುಕಲೆಂದು ಸಹಿ ಮಾಡಿದ. ಎರಡೂ ಅವನೇ.

ಹತ್ತಿರ ಹತ್ತಿರ ಒಂದು ಗಂಟೆಯ ಮೇಲೆ ಮೇಡಂ ಹೊರಗೆ ಬಂದರು. ಗಾಜ್ ಬಟ್ಟೆಯ ಮೇಲೆ ಹೆಪ್ಪು ತೋರಿಸಿದರು. ಹುಣಸೆಹಣ್ಣು ಹಿಂಡಿದ ಮೇಲೆ ಕೈಯಲ್ಲಿ ಉಳಿಯುವ ನಾರಿನ ತುಂಡಿನಷ್ಟೇ ಇತ್ತು, ಕಪ್ಪು ಕೆಂಪು. "ಬಂದಿದೆ. ಇನ್ನು ಮೂರು ದಿನ ಕಾಯಬೇಕು. ಊತ ಏರಿದರೆ ತಲೆಬುರುಡೆ ತೆರೆಯಬೇಕಾಗುತ್ತದೆ" ಎಂದರು.

ಸಂಜೆ ಪೊಲೀಸರು ಬಂದರು. ಇಂಥ ಗುರುತು ಕಂಡರೆ ಆಸ್ಪತ್ರೆಯವರು ತಿಳಿಸಲೇಬೇಕಂತೆ. ಅಣ್ಣಯ್ಯ ಜಾರಿ ಬಿದ್ದ ಕಥೆ ಹೇಳಿದ. ನನ್ನನ್ನು ಕೇಳಿದರು. ಅವನು ನನ್ನ ಭುಜದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ಹೆಬ್ಬೆರಳು ನನ್ನ ಕತ್ತಿನ ಬುಡದಲ್ಲಿತ್ತು, ಮೆಲ್ಲಗೆ ಒತ್ತುತ್ತಿತ್ತು.

"ನಾನು ನಿದ್ದೆಯಲ್ಲಿದ್ದೆ. ಏನೂ ಗೊತ್ತಿಲ್ಲ" ಎಂದೆ. ಬರೆದುಕೊಂಡು ಹೋದರು.

ತೀವ್ರ ನಿಗಾ ಘಟಕದಲ್ಲಿ ಅತ್ತಿಗೆಯನ್ನು ನೋಡಿಕೊಂಡವರು ಜ್ಯೋತ್ಸ್ನಾಬೆನ್ ಎಂಬ ನರ್ಸು. ದಪ್ಪ ಕನ್ನಡಕ, ಜೋರು ದನಿ. ಇಂಜೆಕ್ಷನ್ ಕೊಡುವಾಗ ಪ್ರತಿ ಸಲವೂ ಅತ್ತಿಗೆಗೆ ಗುಜರಾತಿಯಲ್ಲಿ ಹೇಳಿಯೇ ಕೊಡುವರು, ಅವಳಿಗೆ ಅರ್ಥವಾಗಲಿ ಬಿಡಲಿ. ಸಕ್ಕರೆಕಾಯಿಲೆ ಇಲ್ಲದವಳಿಗೆ ಮದ್ದಿನಿಂದ ಸಕ್ಕರೆ ಏರಿ ಬೆರಳಿಗೆ ಮತ್ತೆ ಮತ್ತೆ ಸೂಜಿ ಚುಚ್ಚುತ್ತಿದ್ದರು. ಮುಖ ಕೆಂಪೇರಿ ಊದಿತ್ತು. ಬಲಗೈ ಸತ್ತಂತೆ ಬಿದ್ದಿತ್ತು. ಎಡಗೈಯಿಂದ ಕೊಳವೆ ಕೀಳುತ್ತಾಳೆಂದು ಅದನ್ನು ಪಟ್ಟಿಯಿಂದ ಮಂಚಕ್ಕೆ ಸಡಿಲವಾಗಿ ಕಟ್ಟಿದ್ದರು. ನಾನು ಪಕ್ಕ ನಿಂತರೆ ಸುಮ್ಮನೆ ಚಾವಣಿ ನೋಡುತ್ತಿದ್ದಳು.

ಶುಕ್ರವಾರ ಮಧ್ಯಾಹ್ನ ಭೇಟಿಯ ಹೊತ್ತಿಗೆ ಅಣ್ಣಯ್ಯ ಒಳಗೆ ಬಂದ. ಹೂವಿನ ಪ್ರಸಾದ ತಂದಿದ್ದ. ಅವಳ ಹಣೆಗೆ ಮುಟ್ಟಿಸಲು ಬಗ್ಗಿದ.

ಅವಳು ಅವನ ಕೈ ಬರುವುದನ್ನು ನೋಡಿದಳು. ಗಂಟಲಿನಿಂದ ಪ್ರಾಣಿಯಂಥ ಕೂಗು ಎದ್ದಿತು. ಎಡಗಾಲಿನಿಂದ ಒದ್ದಳು, ಅವನ ಎದೆಗೆ ಬಿತ್ತು. ಕಟ್ಟಿದ ಎಡಗೈಯನ್ನು ಜಗ್ಗಿ ಜಗ್ಗಿ ಪಟ್ಟಿ ಹರಿದಳು. ಸೂಜಿ ಕಿತ್ತು ಬಂದು ರಕ್ತ ಹಾಸಿಗೆಗೂ ಗೋಡೆಗೂ ಚಿಮ್ಮಿತು. ಬಿಡಿಸಿಕೊಂಡ ಆ ಕೈಯನ್ನು ತನ್ನ ಕುತ್ತಿಗೆಯ ಮೇಲೆ ಅಡ್ಡ ಇಟ್ಟು ಮುಚ್ಚಿಕೊಂಡಳು. ಮೂವರು ಸೇರಿ ಒತ್ತಿ ಹಿಡಿಯಬೇಕಾಯಿತು. ಯಂತ್ರಗಳೆಲ್ಲ ಒಟ್ಟಿಗೆ ಕೂಗುತ್ತಿದ್ದವು.

"ಸ್ಟೀರಾಯ್ಡ್ ಇರಬೇಕು. ಕೆಲವರು ಹೀಗೆ ಕೆರಳುತ್ತಾರೆ" ಎಂದರು ಕರ್ತವ್ಯದಲ್ಲಿದ್ದ ಎಳೆಯ ಡಾಕ್ಟರು.

ಅಣ್ಣಯ್ಯ ಆ ಮಾತನ್ನು ಹಿಡಿದುಕೊಂಡ. ಅವನ ಮುಖದಲ್ಲಿ ಬೆಳಕು ಬಂದದ್ದನ್ನು ನಾನು ಕಂಡೆ. ಕಾರಿಡಾರಿಗೆ ಬಂದವನೇ ಸುಜಾತನಿಗೆ ಫೋನು ಮಾಡಿದ. "ಮದ್ದಿನಿಂದ್ ಅದರ್ ತಲಿ ಹಾಳಾಯ್ತ್ ಮಾರಾಯ್ತಿ. ಡಾಕ್ಟ್ರೇ ಹೇಳಿರ್. ಇನ್ ಅದ್ ಎಂತ ಹೇಳಿರೂ ನಂಬುಕಿಲ್ಲ." ಊರಿಗೆ ಅಮ್ಮನಿಗೂ ಹಾಗೇ ಹೇಳಿದ. ಪೊಲೀಸರಿಗೂ ಹೇಳಿದ.

ಶನಿವಾರ ಮತ್ತೆ ಅದೇ ಆಯಿತು. ಈ ಸಲ ಅವನು ಪರದೆಯ ಬಳಿ ನಿಂತದ್ದಷ್ಟೆ. ಜ್ಯೋತ್ಸ್ನಾಬೆನ್ ಸೊಂಟಕ್ಕೆ ಕೈಕೊಟ್ಟು ಎಲ್ಲರಿಗೂ ಕೇಳುವಂತೆ ಎಳೆಯ ಡಾಕ್ಟರಿಗೆ ಹೇಳಿದರು. "ಸಾಹೇಬ್, ಈ ಮದ್ದನ್ನು ಮೂರು ದಿನದಿಂದ ನೀಡುತ್ತಿರುವವಳು ನಾನು. ಈ ತಂಗಿ ಕೆರಳಿದ್ದು ಎರಡೇ ಸಲ. ಎರಡೂ ಸಲ ಈ ಭಾಯ್ ಬಂದಾಗ. ಮದ್ದಿಗೆ ಗಂಡನ ಮುಖ ಗೊತ್ತಾಗುತ್ತದಾ?"

ಮೂರನೆಯ ದಿನದ ಸ್ಕ್ಯಾನಿನಲ್ಲಿ ಊತ ಹೆಚ್ಚಿರಲಿಲ್ಲ. ಬುರುಡೆ ತೆರೆಯುವುದು ಬೇಡವಾಯಿತು. ಸ್ಟೀರಾಯ್ಡ್ ನಿಲ್ಲಿಸಿದರು. ಸೋಮವಾರ, ಅದು ಅವಳನ್ನು ಉಳಿಸಿತೋ, ಹೆಪ್ಪು ತೆಗೆದದ್ದೇ ಉಳಿಸಿತೋ ಎಂದು ನಾನು ಕೇಳಿದೆ. "ಒಬ್ಬಳೇ ರೋಗಿಯನ್ನು ನೋಡಿ ಅದನ್ನು ಹೇಳಲಾಗುವುದಿಲ್ಲ" ಎಂದರು ಮೇಡಂ. ಆಮೇಲೆ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮದ್ದು ನಿಂತು ಎರಡು ದಿನ ಆಗುತ್ತಿದೆ. ಇವತ್ತೂ ಕಾರಿಡಾರಿನಲ್ಲಿ ಅವನ ದನಿ ಕೇಳಿದ್ದಕ್ಕೇ ಅವಳ ಕೈ ಕುತ್ತಿಗೆಗೆ ಹೋಯಿತು. ನೀನು ನನಗೆ ಒಂದು ಹೇಳಿದೆ, ಪೊಲೀಸರಿಗೆ ಇನ್ನೊಂದು ಹೇಳಿದೆ. ಅವಳಿಗೆ ಮಾತಿಲ್ಲ. ಮಾತು ಬಂದರೂ ಮದ್ದಿನ ಹುಚ್ಚು ಎಂದು ಅವನು ಹೇಳುತ್ತಾನೆ. ಅವಳ ಹತ್ತಿರ ಇರುವುದು ನೀನು ಕೇಳಿದ್ದು ಮಾತ್ರ."

ನಾನು ಹೊರಗೆ ಬಂದೆ. ಕೆಳಗಿನ ವಾಹನ ನಿಲ್ಲಿಸುವ ಜಾಗದಲ್ಲಿ ಅಣ್ಣಯ್ಯ ಕಾಯುತ್ತಿದ್ದ. ಮಟಮಟ ಮಧ್ಯಾಹ್ನ, ಹೊರಗಿನ ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ, ಒಳಗೆ ಮಬ್ಬು. ಕೈಯಲ್ಲಿ ಹೆಲ್ಮೆಟ್ ಇತ್ತು.

"ಆ ಡಾಕ್ಟ್ರಮ್ಮ ಎಂತ ಕೇಂಡ್ಲ್?"

"ಎಂತ ಇಲ್ಲ."

"ನೀ ಮೊದಲನೇ ದಿನ ಅದ್ರ್ ಹತ್ರ ಎಂತ ಹೇಳಿದ್ದೆ?"

ನಾನು ಅವನ ಕೈಯಲ್ಲಿದ್ದ ಹೆಲ್ಮೆಟ್ ನೋಡಿದೆ.

"ಅಮ್ಮನ್ ಮೇಲೆ ಆಣೆ ಹಾಕ್. ಎಂತದೂ ಹೇಳ್ಲಿಲ್ಲ ಅಂದ್."

ನಾನು ಆಣೆ ಹಾಕಲಿಲ್ಲ. ಅದೊಂದೇ ನಾನು ಮಾಡಿದ್ದು. ಹೆಲ್ಮೆಟ್ ನನ್ನ ದವಡೆಗೆ ಬಡಿಯಿತು. ಬಾಯಲ್ಲಿ ಹಲ್ಲು ಮುರಿದದ್ದು ನಾಲಗೆಗೆ ತಗಲಿತು. ಎರಡನೆಯ ಏಟು ಕಿವಿಯ ಮೇಲೆ. ನಾನು ಕಂಬಕ್ಕೆ ಒರಗಿ ಕುಸಿದೆ. ಅವನು ನನ್ನ ಎದೆಯ ಮೇಲೆ ಮಂಡಿಯೂರಿ ಎರಡೂ ಕೈಯಿಂದ ಕುತ್ತಿಗೆ ಹಿಡಿದ. ಹೆಬ್ಬೆರಳುಗಳು ಒಳಗಿಳಿದವು. ಅವನ ಮುಖ ನನ್ನ ಮುಖದ ಮೇಲೆ ಇತ್ತು, ಬೆವರು ನನ್ನ ಕಣ್ಣಿಗೆ ತೊಟ್ಟಿಕ್ಕುತ್ತಿತ್ತು. ಅವನು ಅಳುತ್ತಿದ್ದ. "ನಾ ನಿನ್ ಸಾಕಿದ್ದೆ" ಅನ್ನುತ್ತಿದ್ದ, ಮತ್ತೆ ಮತ್ತೆ ಅದನ್ನೇ.

ಆಗ ನನ್ನ ಹಿಮ್ಮಡಿಗಳು ಸಿಮೆಂಟಿಗೆ ಬಡಿಯತೊಡಗಿದವು. ನಾನು ಬಡಿಯಲಿಲ್ಲ, ಅವು ತಾವೇ ಬಡಿದವು. ಕಣ್ಣ ಅಂಚಿನಿಂದ ಕತ್ತಲೆ ಮುಚ್ಚಿ ಬರುವಾಗ ನನಗೆ ಸಾಯುತ್ತೇನೆ ಎನ್ನುವುದಕ್ಕಿಂತ ಯಾರೂ ಬರುತ್ತಿಲ್ಲ ಎನ್ನುವುದು ಹೆಚ್ಚು ಭಯವಾಯಿತು. ತಲೆ ತಿರುಗಿಸಲಾಗದೆ ಸಿಕ್ಕಿದ್ದನ್ನು ಕಚ್ಚಿದೆ. ಅವನ ಮುಂಗೈ ಸಿಕ್ಕಿತು. ಮುರಿದ ಹಲ್ಲಿನಿಂದಲೇ ಚರ್ಮ ಸೀಳಿ ಮಾಂಸ ಬಾಯಿಗೆ ಬರುವ ತನಕ ಕಚ್ಚಿದೆ. ಅವನು ಕಿರುಚಿ ಕೈ ಬಿಟ್ಟ. ಅಷ್ಟರಲ್ಲಿ ಕಾವಲುಗಾರರಿಬ್ಬರು ಓಡಿ ಬಂದರು.

ಅವರು ನನ್ನನ್ನು ತುರ್ತು ವಿಭಾಗಕ್ಕೆ ಕರೆದೊಯ್ಯಲು ಬಂದರೆ, "ಮೊದಲು ಪೊಲೀಸರ ಹತ್ತಿರ" ಎನ್ನಲು ಹೋದೆ. ಶಬ್ದ ಬರಲಿಲ್ಲ, ಕೈಸನ್ನೆ ಮಾಡಿದೆ. ಆಸ್ಪತ್ರೆಯ ಬಾಗಿಲಲ್ಲೇ ಪೊಲೀಸ್ ಚೌಕಿ ಇತ್ತು. ಬಾಯಿಂದ ರಕ್ತ ಸುರಿಯುತ್ತ, ಕೆರೆದ ದನಿಯಲ್ಲಿ, ಮಂಗಳವಾರ ಮೂರೂವರೆಯಿಂದ ಶುರುಮಾಡಿ ಎಲ್ಲ ಹೇಳಿದೆ. ಕೂಲರಿನ ವಿಷಯವೊಂದನ್ನು ಹೇಳಲಿಲ್ಲ. ಅಣ್ಣಯ್ಯನನ್ನು ಅಲ್ಲಿಂದಲೇ ಹಿಡಿದುಕೊಂಡು ಹೋದರು. ಜೀಪಿಗೆ ಹತ್ತುವಾಗ ಅವನು ನನ್ನ ಕಡೆ ನೋಡದೆ, ಕಚ್ಚಿದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ನೋಡಿಕೊಳ್ಳುತ್ತಿದ್ದ.

ಜೂನ್ ಮುಗಿಯುವ ಹೊತ್ತಿಗೆ ಮಳೆ ಬಂತು. ವಡೋದರಾದ ರಸ್ತೆಗಳಲ್ಲಿ ಮೊಣಕಾಲುದ್ದ ನೀರು. ಹೋಟೆಲಿನ ಶಟರು ಪೂರ್ತಿ ಎಳೆದಿತ್ತು. ಅತ್ತಿಗೆಯನ್ನು ಸುಜಾತ ಸೂರತ್ತಿಗೆ ಕರೆದೊಯ್ದಳು. ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುತ್ತಿದ್ದಳು. ಬಲಗೈ ಮಡಚಿಕೊಂಡೇ ಉಳಿಯಿತು. ಹದಿನೈದು ವರ್ಷ ಆಡಿದ ಹಿಂದಿ, ಗುಜರಾತಿ ಎರಡೂ ಅಳಿಸಿ ಹೋಗಿ ಕುಂದಾಪುರದ ಒಂದೊಂದು ಪದ ಮಾತ್ರ ಬರುತ್ತಿತ್ತು. ನೀರ್. ಮಗಳ್. ಬ್ಯಾಡ. ಗುಜರಾತಿ ಶಾಲೆಯಲ್ಲಿ ಓದಿದ ಅನನ್ಯಾಗೆ ಕನ್ನಡ ಅಷ್ಟಕ್ಕಷ್ಟೆ. ತಾಯಿಯ ಬಾಯಿಂದ ಪದ ಬಿದ್ದರೆ ಅವಳು ಅದನ್ನು ಪುಸ್ತಕದಲ್ಲಿ ಗುಜರಾತಿ ಅಕ್ಷರದಲ್ಲಿ ಬರೆದುಕೊಂಡು, ಚಿಕ್ಕಮ್ಮನನ್ನು ಅರ್ಥ ಕೇಳುತ್ತಿದ್ದಳಂತೆ.

ನಾನು ವಡೋದರಾ ಬಿಟ್ಟು ಅಹಮದಾಬಾದಿಗೆ ಬಂದೆ. ಮೊಕದ್ದಮೆ ನಡೆಯಿತು. ಅಮ್ಮ ಫೋನಿನಲ್ಲಿ, "ಒಡಹುಟ್ಟಿದವನ್ನ ಜೈಲಿಗ್ ಹಾಕ್ಸುಕ್ ಹೊರಟವ ನನ್ ಮಗ ಅಲ್ಲ" ಎಂದು ಇಟ್ಟವಳು ಇವತ್ತಿಗೂ ನನ್ನ ಕರೆ ಎತ್ತುವುದಿಲ್ಲ.

ಕೋರ್ಟಿನಲ್ಲಿ ಅಣ್ಣಯ್ಯನ ವಕೀಲರು ಆ ಮೂರು ದಿನದ ಮದ್ದನ್ನೇ ಹಿಡಿದು ನಿಂತರು. ಅದರಿಂದ ಮನಸ್ಸು ಕೆರಳುವುದುಂಟೋ ಇಲ್ಲವೋ ಎಂದು ಮೇಡಂ ಅವರನ್ನು ಕೇಳಿದರು.

"ಉಂಟು. ನಾನೇ ಮನೆಯವರಿಗೆ ಹೇಳಿದ್ದೆ."

"ಹಾಗಿದ್ದರೆ ಗಂಡನನ್ನು ಕಂಡು ಅವರು ಹೆದರಿದ್ದು ಮದ್ದಿನಿಂದಲೇ ಇರಬಹುದು?"

"ಕೆರಳಿಕೆ ಮದ್ದಿನಿಂದ ಬರಬಹುದು. ಬೆರಳಿನ ಗುರುತು ಬರುವುದಿಲ್ಲ. ಅದನ್ನು ನಾನು ಮೊದಲ ಇಂಜೆಕ್ಷನ್ ಕೊಡುವ ಮೊದಲೇ ಬರೆದಿಟ್ಟಿದ್ದೇನೆ, ಹೊತ್ತು ಸಮೇತ."

ಆಮೇಲೆ ನನ್ನನ್ನು ಕರೆದರು. ಪೊಲೀಸರಿಗೆ ಮೊದಲು ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡೆ. ಕೇಳಿದ ಸದ್ದುಗಳನ್ನು ಒಂದೊಂದಾಗಿ ಹೇಳಿದೆ. ಅಣ್ಣಯ್ಯನ ವಕೀಲರು ಹತ್ತಿರ ಬಂದು ಮುಗುಳ್ನಕ್ಕರು. "ಇಷ್ಟೆಲ್ಲ ಕೇಳಿಸಿತು ಅನ್ನುತ್ತೀರಿ. ಕೇಳುತ್ತಾ ನೀವೇನು ಮಾಡುತ್ತಿದ್ದಿರಿ?"

ಅತ್ತಿಗೆ ಸುಜಾತನ ಪಕ್ಕ ಬೆಂಚಿನಲ್ಲಿ ಕೂತಿದ್ದಳು. ನಾನು ಸುಳ್ಳು ಹೇಳಬಹುದಿತ್ತು. ಬಾಗಿಲು ಬಡಿದೆ ಎನ್ನಬಹುದಿತ್ತು.

"ಎದ್ದು ಕೂಲರ್ ಜೋರು ಮಾಡಿದೆ" ಎಂದೆ. "ಆ ಸದ್ದು ಕೇಳದಿರಲಿ ಎಂದು."

ವಕೀಲರು ಮುಂದಿನ ಪ್ರಶ್ನೆ ಕೇಳದೆ ಕೂತರು. ಆ ಉತ್ತರದಿಂದಲೇ ನಾನು ಹೇಳಿದ್ದೆಲ್ಲ ನಿಜವೆಂದು ನ್ಯಾಯಾಧೀಶರಿಗೆ ಅನ್ನಿಸಿತೆಂದು ಆಮೇಲೆ ಸರ್ಕಾರಿ ವಕೀಲರು ಹೇಳಿದರು. ಅಣ್ಣಯ್ಯನಿಗೆ ಶಿಕ್ಷೆಯಾಯಿತು. ಈಗ ಒಳಗಿದ್ದಾನೆ.

ತೀರ್ಪಿನ ಮುಂದಿನ ಭಾನುವಾರ ನಾನು ಸೂರತ್ತಿಗೆ ಹೋದೆ. ಹಣ್ಣು ಕೊಂಡುಕೊಂಡೆ. ಏನು ನಿರೀಕ್ಷಿಸಿ ಹೋದೆನೆಂದು ಹೇಳಲು ನಾಚಿಕೆಯಾಗುತ್ತದೆ. ಒಂದು ಒಳ್ಳೆಯ ಮಾತು ಬೇಕಿತ್ತು, ಅಷ್ಟೆ. ಅನನ್ಯಾ ಬಾಗಿಲು ತೆರೆದು, "ಮಮ್ಮಿ, ಕಾಕಾ ಆವ್ಯಾ" ಎಂದು ಚಿಕ್ಕಪ್ಪ ಬಂದುದನ್ನು ಒಳಗೆ ಕೂಗಿ ಹೇಳಿದಳು. ಅತ್ತಿಗೆ ಕಿಟಕಿಯ ಬಳಿ ಕೂತು ಎಡಗೈಯಲ್ಲಿ ಬಟಾಣಿ ಬಿಡಿಸುತ್ತಿದ್ದಳು. ಕಾಯಿಯನ್ನು ತೊಡೆಯ ನಡುವೆ ಸಿಕ್ಕಿಸಿ, ಹೆಬ್ಬೆರಳಿನಿಂದ ಒತ್ತಿ, ಒಂದೊಂದೇ ಕಾಳು ಉರುಳಿಸುವಳು. ನನಗೆ ಕೂರಲು ಕಣ್ಣಿನಲ್ಲೇ ಹೇಳಿದಳು. ಸುಜಾತ ನೀರು ಕೊಟ್ಟು ಒಳಗೆ ಹೋದಳು.

ಅವಳ ತುಟಿ ಅಲುಗುತ್ತಿತ್ತು. ಪದಗಳನ್ನು ಒಳಗೇ ಸಾಲು ಹಚ್ಚುತ್ತಿದ್ದಾಳೆಂದು ಗೊತ್ತಾಗಿ ನಾನು ಕಾದೆ.

"ಸುಧಾಕರ" ಎಂದಳು. ನನ್ನ ಹೆಸರು ಸರಿಯಾಗಿ ಬಂತು. "ನೀ ಸತ್ಯ ಹೇಳ್ದೆ. ಒಳ್ಳೇದಾಯ್ತ್."

ನನ್ನ ಕಣ್ಣು ತುಂಬಿತು. ಅವಳು ಕೈ ಎತ್ತಿ ತಡೆದಳು. ಇನ್ನೂ ಮುಗಿದಿರಲಿಲ್ಲ.

"ಆದ್ರೆ ನಿನ್ ಕಂಡ್ರೆ... ನಂಗ್ ಉಸ್ರ್ ಕಟ್ತ್. ಇನ್ ಇಲ್ಲಿಗ್ ಬಪ್ಪುದ್ ಬ್ಯಾಡ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೇಳಿ ಮುಗಿಸಿದ ಆಯಾಸಕ್ಕೆ ಹಣೆಯಲ್ಲಿ ಬೆವರು ಮೂಡಿತ್ತು. ಅಷ್ಟು ಉದ್ದದ ಮಾತನ್ನು, ಒಂದೂ ಪದ ಎಡವದೆ, ಅವಳು ಆಡಿದ್ದು ಅದೇ ಮೊದಲೆಂದು ಒಳಗಿನಿಂದ ಬಂದು ನಿಂತಿದ್ದ ಸುಜಾತನ ಮುಖ ನೋಡಿ ತಿಳಿಯಿತು.

"ಆಯ್ತ್ ಅತ್ತಿಗೆ" ಎಂದೆ.

ಹಣ್ಣಿನ ಚೀಲವನ್ನು ನೆಲದ ಮೇಲಿಟ್ಟು ಎದ್ದೆ. ಅನನ್ಯಾ ನನ್ನೊಡನೆ ಬಾಗಿಲ ತನಕ ಬಂದು, ನಾನು ಚಪ್ಪಲಿ ಮೆಟ್ಟುವುದನ್ನು ಕಾದು, ಚಿಲಕ ಹಾಕಿಕೊಂಡಳು.